ಗಲ್ಫ್‌ಗೆ ಹೊರಟವರು ಮೊದಲು ಪಾಸ್‌ಪೋರ್ಟಿನ ಕೊನೆಯ ಪುಟ ನೋಡಿ

ಪಾಸ್‌ಪೋರ್ಟಿನ ಕೊನೆಯ ಪುಟವನ್ನು ಹೆಚ್ಚಿನವರು ತಿರುವಿ ನೋಡುವುದೇ ಇಲ್ಲ. ತಂದೆ-ತಾಯಿಯ ಹೆಸರು, ಗಂಡ ಅಥವಾ ಹೆಂಡತಿಯ ಹೆಸರು, ಮನೆಯ ವಿಳಾಸ ಇರುವ ಆ ಪುಟದಲ್ಲೇ ಕೆಲವರಿಗೆ ಇನ್ನೊಂದು ಸಾಲು ಅಚ್ಚಾಗಿರುತ್ತದೆ: ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’. ಏಜೆಂಟರ ಬಾಯಲ್ಲಿ ಇದು ಇಸಿಆರ್. ಈ ಸಾಲು ಇಲ್ಲದ್ದು ಇಸಿಎನ್‌ಆರ್. ಭಟ್ಕಳದಿಂದಲೋ ಕುಂದಾಪುರದಿಂದಲೋ ಬೀದರಿನಿಂದಲೋ ದುಬೈ, ದಮ್ಮಾಮ್, ದೋಹಾಕ್ಕೆ ಕೆಲಸಕ್ಕೆಂದು ಹೊರಟವರು ವಿಮಾನ ಹತ್ತುವ ಮೊದಲು ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಈ ಒಂದೇ ಸಾಲು ತೀರ್ಮಾನಿಸುತ್ತದೆ.

ಇದರ ಹಿಂದೆ ಇರುವುದು 1983ರ ವಲಸೆ ಕಾಯ್ದೆ. ಬ್ರಿಟಿಷರ ಕಾಲದ 1922ರ ಕಾಯ್ದೆಯನ್ನು ತೆಗೆದುಹಾಕಿ ಇದನ್ನು ತಂದಾಗ ಗಲ್ಫ್ ದೇಶಗಳಲ್ಲಿ ತೈಲದ ಹಣದಿಂದ ಕಟ್ಟಡ, ರಸ್ತೆ, ಬಂದರುಗಳು ಏಳುತ್ತಿದ್ದವು. ಅವುಗಳನ್ನು ಕಟ್ಟಲು ಹೋದ ಭಾರತೀಯರಲ್ಲಿ ಬಹುತೇಕರು ಹೆಚ್ಚು ಓದಿದವರಲ್ಲ, ಅಲ್ಲಿನ ಭಾಷೆ ಗೊತ್ತಿದ್ದವರೂ ಅಲ್ಲ. ಅಂಥವರು ಕೆಲಸಕ್ಕಾಗಿ ಹೋಗುವಾಗ ಸಂಬಳ, ಕರಾರು, ಮಾಲೀಕ ಯಾರು ಎಂಬುದನ್ನು ಸರ್ಕಾರ ಒಮ್ಮೆ ನೋಡಿ ಒಪ್ಪಿಗೆ ಕೊಡಲಿ ಎಂಬುದು ಕಾಯ್ದೆಯ ಆಶಯ. ಆ ಒಪ್ಪಿಗೆಯೇ ಎಮಿಗ್ರೇಷನ್ ಕ್ಲಿಯರೆನ್ಸ್. ಕೊಡುವವರು ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಎಂಬ ಅಧಿಕಾರಿ. ವಿದೇಶಾಂಗ ಸಚಿವಾಲಯದ ಅಡಿಯಲ್ಲಿ ಕೆಲಸ ಮಾಡುವ ಇವರ ಕಚೇರಿ ಬೆಂಗಳೂರಿನಲ್ಲೂ ಇದೆ.

ಎಲ್ಲ ದೇಶಕ್ಕೂ ಇದು ಬೇಕಿಲ್ಲ. ಪಟ್ಟಿಯಲ್ಲಿರುವುದು 18 ದೇಶಗಳು: ಸೌದಿ ಅರೇಬಿಯಾ, ಯುಎಇ, ಕುವೈತ್, ಕತಾರ್, ಒಮಾನ್, ಬಹ್ರೇನ್, ಇರಾಕ್, ಜೋರ್ಡಾನ್, ಲೆಬನಾನ್, ಸಿರಿಯಾ, ಯೆಮೆನ್, ಲಿಬಿಯಾ, ಸುಡಾನ್, ದಕ್ಷಿಣ ಸುಡಾನ್, ಅಫ್ಘಾನಿಸ್ತಾನ, ಪೂರ್ವಕ್ಕೆ ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್. ಇಸಿಆರ್ ಪಾಸ್‌ಪೋರ್ಟಿನವರು ಈ ದೇಶಗಳಿಗೆ ಕೆಲಸದ ವೀಸಾದಲ್ಲಿ ಹೊರಟರೆ ಮಾತ್ರ ಕ್ಲಿಯರೆನ್ಸ್ ಬೇಕು. ಮಗಳ ಬಾಣಂತನಕ್ಕೆಂದು ಅಬುಧಾಬಿಗೆ ಹೋಗುವ ತಾಯಿಗೆ ಬೇಡ. ಉಮ್ರಾಕ್ಕೆ ಹೋಗುವವರಿಗೂ ಬೇಡ.

ಎಲ್ಲ ಎಡವಟ್ಟು ಶುರುವಾಗುವುದು ಇಲ್ಲಿಂದಲೇ. ‘ಈಗ ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಚೇಂಜ್ ಮಾಡಿಸಿ ಕೊಡ್ತೇವೆ’ ಎನ್ನುವುದು ಏಜೆಂಟರ ಹಳೆಯ ಮಾತು. ವಿಸಿಟ್ ವೀಸಾದವನಿಗೆ ಕ್ಲಿಯರೆನ್ಸ್ ಕೇಳುವಂತಿಲ್ಲ. ಹೀಗಾಗಿ ಕರಾರು ತೋರಿಸುವ, ವಿಮೆ ಮಾಡಿಸುವ, ಮಾಲೀಕನನ್ನು ನೋಂದಾಯಿಸುವ ತಾಪತ್ರಯ ಯಾವುದೂ ಏಜೆಂಟನಿಗೆ ಇರುವುದಿಲ್ಲ. ಕೆಲಸದ ವೀಸಾಕ್ಕಿಂತ ಇದು ಬೇಗ ಆಗುತ್ತದೆ ಎಂಬುದೂ ನಿಜ. ಆದರೆ ಹಾಗೆ ಹೋದವನ ವಿಚಾರದಲ್ಲಿ ಭಾರತ ಸರ್ಕಾರದ ಬಳಿ ಇರುವ ಮಾಹಿತಿ ಒಂದೇ: ಇಂಥವನು ಪ್ರವಾಸಕ್ಕೆ ಹೋಗಿದ್ದಾನೆ. ಯಾವ ಕಂಪನಿ, ಯಾವ ಕ್ಯಾಂಪ್, ಎಷ್ಟು ಸಂಬಳ ಎಂಬುದು ಯಾವ ಕಡತದಲ್ಲೂ ಇರುವುದಿಲ್ಲ.

ಯುಎಇಯಲ್ಲಿ ವಿಸಿಟ್ ವೀಸಾವನ್ನು ಕೆಲಸದ ವೀಸಾಕ್ಕೆ ಬದಲಿಸಿಕೊಳ್ಳಲು ಕಾನೂನಿನಲ್ಲೇ ದಾರಿ ಇದೆ. ಹಾಗೆ ಮಾಡಿಕೊಂಡು ಚೆನ್ನಾಗಿ ಇರುವವರೂ ಸಾವಿರಾರು ಮಂದಿ. ಬದಲಾಗುವ ಮೊದಲೇ ಕೆಲಸಕ್ಕೆ ಇಳಿಸಿದರೆ ಮಾತ್ರ ಅದು ಅಪರಾಧ. 2024ರಲ್ಲಿ ತಿದ್ದುಪಡಿಯಾದ ಅಲ್ಲಿನ ಕಾನೂನಿನಂತೆ ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕನಿಗೆ 1 ಲಕ್ಷದಿಂದ 10 ಲಕ್ಷ ದಿರ್ಹಮ್ ದಂಡ. ದಂಡ ಮಾಲೀಕನಿಗೆ ತಾನೇ ಎಂದುಕೊಳ್ಳುವಂತಿಲ್ಲ: ವೀಸಾ ಅವಧಿ ಮುಗಿದ ಮೇಲೂ ಉಳಿದರೆ ದಿನಕ್ಕೆ 50 ದಿರ್ಹಮ್ ಲೆಕ್ಕ ಏರುವುದು ಕಾರ್ಮಿಕನ ತಲೆಯ ಮೇಲೆ. ತಿಂಗಳಿಗೆ 1,500 ದಿರ್ಹಮ್! ಅನೇಕ ಸಹಾಯಕರ ಒಂದು ತಿಂಗಳ ಸಂಬಳ ಅದಕ್ಕಿಂತ ಕಡಿಮೆ. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ಕೊನೆಯವರೆಗೆ ಯುಎಇ ಕ್ಷಮಾದಾನದ ಅವಧಿ ಘೋಷಿಸಿದ್ದು ಇಂಥ ದಂಡದಲ್ಲಿ ಸಿಕ್ಕಿಕೊಂಡವರಿಗಾಗಿಯೇ. ಅಂಥ ಅವಕಾಶ ಪ್ರತಿ ವರ್ಷ ಬರುವುದಿಲ್ಲ.

‘ಫ್ರೀ ವೀಸಾ’ ಎಂಬುದು ಇನ್ನೂ ಅಪಾಯದ್ದು. ‘ಆಜಾದ್ ವೀಸಾ’ ಎಂದೂ ಕರೆಯುತ್ತಾರೆ. ಸ್ಥಳೀಯನೊಬ್ಬ ತನ್ನ ಹೆಸರಿನಲ್ಲಿ ವೀಸಾ ತೆಗೆದು ಮಾರುತ್ತಾನೆ, ಕೊಂಡವನು ಹೊರಗೆಲ್ಲೋ ಕೆಲಸ ಹುಡುಕಿಕೊಳ್ಳುತ್ತಾನೆ, ತಿಂಗಳಿಗೋ ವರ್ಷಕ್ಕೋ ಆ ಕಫೀಲನಿಗೆ (ಪ್ರಾಯೋಜಕನಿಗೆ) ಹಣ ಕಟ್ಟುತ್ತಾನೆ. ಯಾವ ಗಲ್ಫ್ ದೇಶದ ಕಾನೂನಿನಲ್ಲೂ ಇಂಥ ವೀಸಾ ಇಲ್ಲ. ಹಣ ತಡವಾದ ದಿನ ಕಫೀಲ ‘ಓಡಿಹೋದ’ ಎಂದು ದೂರು ಬರೆಸಿದರೆ ಮುಗಿಯಿತು. ಸೌದಿಯಲ್ಲಿ ಇದಕ್ಕೆ ಹುರೂಬ್ ಎನ್ನುತ್ತಾರೆ. ಒಮ್ಮೆ ಹುರೂಬ್ ಬಿದ್ದರೆ ಇಕಾಮಾ (ವಾಸದ ಪರವಾನಗಿ) ನವೀಕರಣವೂ ಕಷ್ಟ, ಊರಿಗೆ ಮರಳುವುದೂ ಕಷ್ಟ.

ಹಾಗಾದರೆ ಸರಿಯಾದ ದಾರಿ ಯಾವುದು?

ಮೊದಲ ಕೆಲಸ ಊರಿನಲ್ಲೇ ಆಗುವಂಥದ್ದು. ಎಸ್‌ಎಸ್‌ಎಲ್‌ಸಿ ಪಾಸಾದವರಿಗೆ ಇಸಿಎನ್‌ಆರ್ ಸಿಗುತ್ತದೆ. ಆದಾಯ ತೆರಿಗೆ ಕಟ್ಟುವವರು, 50 ವರ್ಷ ದಾಟಿದವರು, ಒಟ್ಟು ಮೂರು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ಇದ್ದು ಬಂದವರು, ಸಮುದ್ರಯಾನದ ಸಿಡಿಸಿ ಪುಸ್ತಕ ಇರುವವರು, ಹೀಗೆ ಇನ್ನೂ ಕೆಲವು ವರ್ಗಗಳಿವೆ. ಹತ್ತನೇ ತರಗತಿ ಪಾಸಾಗಿದ್ದರೂ ಪಾಸ್‌ಪೋರ್ಟ್ ಮಾಡಿಸುವಾಗ ಅಂಕಪಟ್ಟಿ ಕೊಡದೆ ಇಸಿಆರ್ ಹಾಕಿಸಿಕೊಂಡವರಿಗೆ ಕೊರತೆ ಇಲ್ಲ. ಅಂಥವರು ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಮರುವಿತರಣೆಗೆ ಅರ್ಜಿ ಹಾಕಿ ಆ ಸಾಲನ್ನು ತೆಗೆಸಿಕೊಳ್ಳಬಹುದು. 36 ಪುಟಗಳ ಪುಸ್ತಕಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲಿ ಕೇಂದ್ರಗಳಿವೆ. ಇದಕ್ಕೆಂದು ಏಜೆಂಟರಿಗೆ ಹತ್ತು-ಹದಿನೈದು ಸಾವಿರ ಕೊಡುವ ಅಗತ್ಯವೇ ಇಲ್ಲ.

ಈ ಸಾಲಿನ ಬಗ್ಗೆ ಒಮ್ಮೆ ದೊಡ್ಡ ಗದ್ದಲವೂ ಆಗಿತ್ತು. 2018ರ ಜನವರಿಯಲ್ಲಿ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುವುದಾಗಿ ಕೇಂದ್ರ ಸರ್ಕಾರ ಹೇಳಿತು. ಓದದವನನ್ನು ಬಣ್ಣದಿಂದಲೇ ಗುರುತು ಮಾಡುವುದು ಯಾವ ನ್ಯಾಯ ಎಂಬ ಟೀಕೆ ಎದ್ದಿತು. ಅದೇ ತಿಂಗಳ ಕೊನೆಗೆ ಯೋಜನೆಯನ್ನು ಕೈಬಿಡಲಾಯಿತು. ಕೈಬಿಟ್ಟದ್ದು ಒಳ್ಳೆಯದೇ ಆಯಿತು.

ಇಸಿಎನ್‌ಆರ್ ಇದೆ ಎಂದು ನಿರಾಳವಾಗಿರುವಂತಿಲ್ಲದ ಒಂದು ಗುಂಪು ಇದೆ: ನರ್ಸ್‌ಗಳು. 2015ರಲ್ಲಿ ಕುವೈತಿನ ಆಸ್ಪತ್ರೆ ಕೆಲಸಕ್ಕೆ ಒಬ್ಬೊಬ್ಬ ನರ್ಸ್‌ನಿಂದ 19 ಲಕ್ಷ ರೂಪಾಯಿಗೂ ಹೆಚ್ಚು ವಸೂಲಿ ಮಾಡಿದ ಹಗರಣ ಕೇರಳದಲ್ಲಿ ಬಯಲಾಯಿತು. ಅದೇ ವರ್ಷದ ಏಪ್ರಿಲ್ 30ರಿಂದ, ಪಾಸ್‌ಪೋರ್ಟ್ ಯಾವುದೇ ಇರಲಿ, ಈ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ಕ್ಲಿಯರೆನ್ಸ್ ಕಡ್ಡಾಯವಾಗಿದೆ. ಮಂಗಳೂರು, ಉಡುಪಿಯ ನರ್ಸಿಂಗ್ ಕಾಲೇಜುಗಳಿಂದ ಹೊರಬೀಳುವವರು ಡಿಗ್ರಿ ಇದೆಯಲ್ಲ ಎಂದು ಇದನ್ನು ಮರೆತು ವಿಮಾನ ನಿಲ್ದಾಣಕ್ಕೆ ಹೋದರೆ ಇಮಿಗ್ರೇಷನ್ ಕೌಂಟರಿನಿಂದಲೇ ಹಿಂದಿರುಗಬೇಕಾದೀತು.

ಎರಡನೆಯ ಕೆಲಸ ಏಜೆಂಟನ ಜಾತಕ ನೋಡುವುದು. ವಿದೇಶಕ್ಕೆ ಜನರನ್ನು ಕಳಿಸುವವರು ನೋಂದಣಿ ಪಡೆದಿರಲೇಬೇಕು ಎಂದು ಕಾಯ್ದೆಯ 10ನೇ ಸೆಕ್ಷನ್ ಹೇಳುತ್ತದೆ. ನೋಂದಣಿಗೆ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಡಬೇಕು. ನೂರು ಜನರಿಗಿಂತ ಹೆಚ್ಚು ಕಳಿಸದ ಸಣ್ಣ ಏಜೆಂಟರಿಗೆ 8 ಲಕ್ಷ. ಲೈಸೆನ್ಸ್ ಪಡೆದವರ ಹೆಸರು, ಸಂಖ್ಯೆ, ಅವಧಿ ಎಲ್ಲವೂ ಇ-ಮೈಗ್ರೇಟ್ ಜಾಲತಾಣದಲ್ಲಿ ಇವೆ. 2014ರಲ್ಲಿ ಶುರುವಾದ ಈ ತಾಣ 2024ರ ಅಕ್ಟೋಬರ್‌ನಲ್ಲಿ ಹೊಸ ರೂಪ ಪಡೆದು ಮೊಬೈಲ್ ಆ್ಯಪ್ ಕೂಡ ಬಂದಿದೆ. ಊರಿನ ಬಸ್‌ಸ್ಟ್ಯಾಂಡ್ ಎದುರಿನ ‘ಟ್ರಾವೆಲ್ಸ್’ ಅಂಗಡಿಯವನು ‘ನಾವು ಮುಂಬೈಯ ದೊಡ್ಡ ಆಫೀಸಿನವರ ಕಡೆಯವರು’ ಎಂದರೆ ಅಲ್ಲಿಗೇ ನಿಲ್ಲಬೇಕು. ಸಬ್-ಏಜೆಂಟ್ ಎಂಬುವನಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ನಾಳೆ ಮೋಸವಾದರೆ ಮುಂಬೈಯವನು ‘ಅವನ್ಯಾರೋ ನಮಗೆ ಗೊತ್ತಿಲ್ಲ’ ಎನ್ನುತ್ತಾನೆ.

ಹಣದ ಲೆಕ್ಕವೂ ಸ್ಪಷ್ಟ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವೆಂದು ತೆಗೆದುಕೊಳ್ಳಬಹುದಾದದ್ದು ಗರಿಷ್ಠ 30,000 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ. ಅಂದರೆ 35,400. ರಸೀದಿ ಕೊಡಲೇಬೇಕು. ಯುಎಇ ಕಾನೂನಂತೂ ನೇಮಕಾತಿಯ ಖರ್ಚನ್ನು ಕಾರ್ಮಿಕನಿಂದ ವಸೂಲಿ ಮಾಡುವುದನ್ನೇ ನಿಷೇಧಿಸಿದೆ. ಲಕ್ಷಗಟ್ಟಲೆ ಕೇಳುವವನು, ಅದೂ ನಗದಾಗಿ ಕೇಳುವವನು, ಕಾನೂನಿನ ಆಚೆಗೆ ನಿಂತೇ ಕೇಳುತ್ತಿದ್ದಾನೆ. ಚಿನ್ನ ಅಡವಿಟ್ಟು ಒಂದೂವರೆ ಲಕ್ಷ ಕೊಟ್ಟು ಹೋದವನು ಮೊದಲ ವರ್ಷವಿಡೀ ದುಡಿಯುವುದು ಆ ಬಡ್ಡಿಗೇ. ಮಾಲೀಕ ಎಷ್ಟೇ ಕಾಡಿದರೂ ಬಿಟ್ಟು ಬರಲಾಗದಂತೆ ಮಾಡುವುದು ಆ ಸಾಲ.

ಹಾಗಿದ್ದೂ ಕಳ್ಳ ಏಜೆಂಟರು ಹೆದರುವುದಿಲ್ಲ ಏಕೆ? 1983ರ ಕಾಯ್ದೆಯ 24ನೇ ಸೆಕ್ಷನ್ ವಿಧಿಸುವ ಶಿಕ್ಷೆ ಎರಡು ವರ್ಷದವರೆಗೆ ಸಜೆ, ಎರಡು ಸಾವಿರ ರೂಪಾಯಿವರೆಗೆ ದಂಡ. ನಲವತ್ತು ವರ್ಷಗಳ ಹಿಂದೆ ಎರಡು ಸಾವಿರಕ್ಕೆ ತೂಕವಿತ್ತು. ಈಗ ಒಬ್ಬನನ್ನು ಕಳಿಸಿದರೆ ಏಜೆಂಟನಿಗೆ ಉಳಿಯುವ ಲಾಭದ ಮುಂದೆ ಅದು ಚಹಾ ಖರ್ಚು. ಕಾಯ್ದೆ ಬದಲಿಸಲು 2019ರಲ್ಲಿ, ಮತ್ತೆ 2021ರಲ್ಲಿ ಕರಡು ಬಂತು, ಕಾನೂನಾಗಲಿಲ್ಲ; 2025ರಲ್ಲಿ ಇನ್ನೊಂದು ಕರಡನ್ನು ಜನಾಭಿಪ್ರಾಯಕ್ಕೆ ಬಿಡಲಾಯಿತು. ಸರ್ಕಾರ ಕಾರ್ಮಿಕನ ಪರ ನಿಲ್ಲುವುದರಲ್ಲೂ ತೂಗಾಡುತ್ತದೆ: 2020ರಲ್ಲಿ ಕೋವಿಡ್ ನಡುವೆ ಗಲ್ಫ್ ಕೆಲಸಗಳಿಗೆ ತಾನೇ ನಿಗದಿ ಮಾಡಿದ್ದ ಕನಿಷ್ಠ ಸಂಬಳದ ಮಟ್ಟವನ್ನು ಶೇ 30ರಿಂದ 50ರಷ್ಟು ಇಳಿಸಿ, ವಿರೋಧ ಬಂದ ಮೇಲೆ 2021ರಲ್ಲಿ ಹಿಂತೆಗೆದುಕೊಂಡಿತು.

ಇನ್ನು ಕರಾರು ಪತ್ರ. ಇಲ್ಲಿ ಸಹಿ ಹಾಕಿಸಿಕೊಂಡದ್ದು ಒಂದು, ಅಲ್ಲಿ ಇಳಿದ ಮೇಲೆ ಮುಂದಿಡುವುದು ಇನ್ನೊಂದು ಎಂಬುದು ಗಲ್ಫ್ ಕಂಡವರಿಗೆಲ್ಲ ಗೊತ್ತಿರುವ ಆಟ. ಡ್ರೈವರ್ ಎಂದು ಹೋದವನಿಗೆ ಒಂಟೆ ಕಾಯುವ ಕೆಲಸ ಸಿಕ್ಕ ಕಥೆಗಳು ಸುಮ್ಮನೆ ಹುಟ್ಟಿದ್ದಲ್ಲ. ಕ್ಲಿಯರೆನ್ಸ್ ಮೂಲಕ ಹೋದವನ ಕರಾರಿನ ಪ್ರತಿ ಇ-ಮೈಗ್ರೇಟ್‌ನಲ್ಲಿ ಉಳಿದಿರುತ್ತದೆ, ದೂತಾವಾಸ ಅದನ್ನು ತೆರೆದು ನೋಡಬಹುದು. ಕತಾರ್ ಒಂದು ಹೆಜ್ಜೆ ಮುಂದೆ ಹೋಗಿ ಭಾರತದ ಏಳು ನಗರಗಳಲ್ಲಿ ತನ್ನದೇ ವೀಸಾ ಕೇಂದ್ರಗಳನ್ನು ತೆರೆದಿದೆ. ವೈದ್ಯಕೀಯ ತಪಾಸಣೆ, ಬೆರಳಚ್ಚು, ಕರಾರಿಗೆ ಸಹಿ ಎಲ್ಲವೂ ಹೊರಡುವ ಮುನ್ನ ಅಲ್ಲೇ. ಬೆಂಗಳೂರಿನಲ್ಲಿ ಈ ಕೇಂದ್ರ ಇಲ್ಲದ ಕಾರಣ ಮಂಗಳೂರಿನವರು ಕೊಚ್ಚಿಗೋ ಬೀದರ್ ಕಡೆಯವರು ಹೈದರಾಬಾದಿಗೋ ಹೋಗಬೇಕು.

ಕರಾರು ಓದುವಾಗ ಒಟ್ಟು ಸಂಬಳಕ್ಕಿಂತ ‘ಬೇಸಿಕ್’ ಎಷ್ಟು ಎಂಬುದನ್ನು ನೋಡಬೇಕು. ಯುಎಇಯಲ್ಲಿ ಕೆಲಸ ಬಿಟ್ಟು ಬರುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ಆಮೇಲೆ 30 ದಿನದ ಮೂಲ ವೇತನ. ಬೇಸಿಕ್ ಕಡಿಮೆ ತೋರಿಸಿ ಭತ್ಯೆಯಲ್ಲಿ ತುಂಬಿಸಿದ್ದರೆ ಹತ್ತು ವರ್ಷ ದುಡಿದವನಿಗೂ ಕೈಗೆ ಬರುವುದು ಅಷ್ಟಕ್ಕಷ್ಟೇ. ಕತಾರಿನಲ್ಲಿ 2021ರ ಮಾರ್ಚ್‌ನಿಂದ ಎಲ್ಲ ದೇಶದವರಿಗೂ ಅನ್ವಯಿಸುವ ಕನಿಷ್ಠ ವೇತನ ಇದೆ: 1,000 ರಿಯಾಲ್. ಊಟ ಕೊಡದಿದ್ದರೆ 300, ವಸತಿ ಕೊಡದಿದ್ದರೆ 500 ರಿಯಾಲ್ ಬೇರೆ. ಅದಕ್ಕಿಂತ ಕಡಿಮೆ ಬರೆದ ಕಾಗದ ಕಾನೂನುಬಾಹಿರ.

ಮನೆಗೆಲಸಕ್ಕೆ ಹೋಗುವ ಮಹಿಳೆಯರಿಗೆ ನಿಯಮ ಇನ್ನೂ ಬಿಗಿ. ಇಸಿಆರ್ ಪಾಸ್‌ಪೋರ್ಟಿನ ಮಹಿಳೆಗೆ 30 ವರ್ಷ ತುಂಬಿರಬೇಕು, ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು. ಕೇರಳಕ್ಕೆ ನೋರ್ಕಾ ರೂಟ್ಸ್, ಒಡೆಪೆಕ್ ಇರುವಂತೆ ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಇದೆ. ಖಾಸಗಿ ಏಜೆಂಟ್ ‘ಮನೆಗೆಲಸಕ್ಕೆ ಕುವೈತ್, ವಿಸಿಟ್‌ನಲ್ಲೇ ಕಳಿಸ್ತೇವೆ’ ಎಂದರೆ ಆತ ಎರಡು ನಿಯಮಗಳನ್ನು ಒಟ್ಟಿಗೆ ಮುರಿಯುತ್ತಿದ್ದಾನೆ. ನಿಯಮ ಬಿಗಿಯಾದಷ್ಟೂ ಕಳ್ಳದಾರಿಗೆ ಬೇಡಿಕೆ ಹೆಚ್ಚುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ಒಂದು ಮನೆಯ ನಾಲ್ಕು ಗೋಡೆಗಳ ನಡುವೆ, ಭಾಷೆ ಬಾರದೆ, ಫೋನ್ ಕಸಿದುಕೊಂಡ ಸ್ಥಿತಿಯಲ್ಲಿ ಇರುವವಳನ್ನು ಹುಡುಕಲು ಮಾಲೀಕನ ಹೆಸರು-ವಿಳಾಸವಾದರೂ ದೂತಾವಾಸಕ್ಕೆ ಬೇಕಲ್ಲ.

ಕ್ಲಿಯರೆನ್ಸ್‌ನ ಶುಲ್ಕ 200 ರೂಪಾಯಿ. ಅದರ ಜೊತೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ: ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ. ಅಲ್ಲಿ ಕಂಪನಿ ಬದಲಾಯಿಸಿದ್ದರೂ ಇದು ಸಿಗುತ್ತದೆ. ಮಂಗಳೂರಿನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿ ಬಾಡಿಗೆಗಿಂತ ಕಡಿಮೆ ಹಣದಲ್ಲಿ ಸಿಗುವ ಈ ವಿಮೆ ವಿಸಿಟ್‌ನಲ್ಲಿ ಹೋದವನ ಕುಟುಂಬಕ್ಕೆ ಇರುವುದಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಭಾರತೀಯರು ಸತ್ತರು. ಅಂಥ ದಿನ ಮನೆಯವರಿಗೆ ಮೊದಲು ಬೇಕಾಗುವುದು ಪಾಲಿಸಿ ಸಂಖ್ಯೆ, ನಾಮಿನಿಯ ಹೆಸರು. ಮದುವೆಗೆ ಮುನ್ನ ಪಾಲಿಸಿ ಮಾಡಿಸಿ ಆಮೇಲೆ ನಾಮಿನಿ ಬದಲಿಸದವರು ಬಹಳ.

ಈ ವ್ಯವಸ್ಥೆಗೆ ದೊಡ್ಡ ತೂತುಗಳೂ ಇವೆ. 2024ರ ಆರಂಭದಲ್ಲಿ ಕಲಬುರಗಿಯ ಕೆಲವು ಯುವಕರು ಸೆಕ್ಯುರಿಟಿ ಗಾರ್ಡ್ ಕೆಲಸವೆಂದು ನಂಬಿ ರಷ್ಯಾಕ್ಕೆ ಹೋಗಿ ಉಕ್ರೇನ್ ಯುದ್ಧದ ಮುಂಚೂಣಿಗೆ ಸಿಕ್ಕಿಬಿದ್ದ ಸುದ್ದಿ ಬಂತು. ತೆಲಂಗಾಣ, ಗುಜರಾತಿನವರೂ ಅಲ್ಲಿದ್ದರು. ಗುಜರಾತಿನ ಯುವಕನೊಬ್ಬ ಡ್ರೋನ್ ದಾಳಿಯಲ್ಲಿ ಸತ್ತ. ಕಲಬುರಗಿಯವರು ಮರಳಿದ್ದು ಸೆಪ್ಟೆಂಬರ್‌ನಲ್ಲಿ. ರಷ್ಯಾ 18 ದೇಶಗಳ ಪಟ್ಟಿಯಲ್ಲಿಲ್ಲ, ಹಾಗಾಗಿ ಇಸಿಆರ್ ಇದ್ದರೂ ಯಾರೂ ತಡೆದು ಕೇಳುವಂತಿರಲಿಲ್ಲ. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಕೂಡ ಪಟ್ಟಿಯಲ್ಲಿಲ್ಲ. ‘ಡೇಟಾ ಎಂಟ್ರಿ’ ಕೆಲಸವೆಂದು ಬ್ಯಾಂಕಾಕ್‌ಗೆ ವಿಸಿಟ್ ವೀಸಾದಲ್ಲಿ ಕರೆದೊಯ್ದು ಗಡಿ ದಾಟಿಸಿ ಸೈಬರ್ ವಂಚನೆಯ ಕೇಂದ್ರಗಳಿಗೆ ಒಪ್ಪಿಸುವ ಜಾಲ ಅಲ್ಲಿದೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ಎರಡು ವಿಮಾನಗಳಲ್ಲಿ 549 ಭಾರತೀಯರನ್ನು ಹೀಗೆ ಬಿಡಿಸಿ ತರಬೇಕಾಯಿತು. ಅವರಲ್ಲಿ ಓದಿದವರೇ ಹೆಚ್ಚು. ಹತ್ತನೇ ತರಗತಿ ಪಾಸಾದವನು ತನ್ನನ್ನು ತಾನು ಕಾಪಾಡಿಕೊಳ್ಳುತ್ತಾನೆ ಎಂಬ ಈ ವ್ಯವಸ್ಥೆಯ ಲೆಕ್ಕಾಚಾರ ಇಲ್ಲಿ ತಲೆಕೆಳಗಾಗಿದೆ.

ಸ್ವಂತ ವ್ಯಾಪಾರಕ್ಕೆ ಹೋಗುವವರದ್ದು ಇನ್ನೊಂದು ಬಗೆ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆ ಹೊಡೆದಾಡಿಕೊಂಡಾಗ ಕರ್ನಾಟಕದ 31 ಹಕ್ಕಿಪಿಕ್ಕಿ ಜನ ಅಲ್ಲಿ ಸಿಲುಕಿದ್ದರು. ಗಿಡಮೂಲಿಕೆ ಎಣ್ಣೆ, ಔಷಧಿ ಮಾರಲು ಆಫ್ರಿಕಾದ ದೇಶಗಳಿಗೆ ಹೋಗುವುದು ಅವರಿಗೆ ರೂಢಿ. ಚುನಾವಣೆಯ ಕಾವಿನಲ್ಲಿ ಇದು ಸಿದ್ದರಾಮಯ್ಯ ಮತ್ತು ವಿದೇಶಾಂಗ ಸಚಿವ ಜೈಶಂಕರ್ ನಡುವೆ ಟ್ವಿಟರ್ ಜಗಳವೂ ಆಯಿತು. ಕೊನೆಗೆ ಆಪರೇಷನ್ ಕಾವೇರಿಯಲ್ಲಿ 3,800ಕ್ಕೂ ಹೆಚ್ಚು ಮಂದಿಯನ್ನು ಹಡಗು, ವಿಮಾನಗಳಲ್ಲಿ ಕರೆತರಲಾಯಿತು. ಕ್ಲಿಯರೆನ್ಸ್ ಬೇಕಿಲ್ಲದ ಇಂಥವರು ಮಾಡಬೇಕಾದ್ದು ಇಷ್ಟೇ: ಇಳಿದ ವಾರದಲ್ಲೇ ಅಲ್ಲಿನ ಭಾರತೀಯ ದೂತಾವಾಸದ ತಾಣದಲ್ಲಿ ಹೆಸರು, ಫೋನ್, ಉಳಿದಿರುವ ಊರು ದಾಖಲಿಸುವುದು. ಉಚಿತ, ಹತ್ತು ನಿಮಿಷದ ಕೆಲಸ.

ಗಂಟು ಕಟ್ಟುವಾಗಲೂ ಎಚ್ಚರ ಬೇಕು. ಗಸಗಸೆ ಇಲ್ಲಿ ಪಾಯಸಕ್ಕೆ. ಯುಎಇಯಲ್ಲಿ ನಿಷೇಧಿತ ಮಾದಕ ವಸ್ತುಗಳ ಸಾಲಿನಲ್ಲಿದೆ, ಒಂದು ಪೊಟ್ಟಣಕ್ಕೂ ಜೈಲಾಗಬಹುದು. ಟ್ರಮಡಾಲ್, ಕೋಡೀನ್ ಇರುವ ನೋವು-ಕೆಮ್ಮಿನ ಔಷಧಿಗಳೂ ಹಾಗೆಯೇ, ಡಾಕ್ಟರ ಚೀಟಿ ಮತ್ತು ಅಲ್ಲಿನ ಅನುಮತಿ ಇಲ್ಲದೆ ಒಯ್ಯಬಾರದು. ‘ನಮ್ಮಣ್ಣ ದಮ್ಮಾಮಿನಲ್ಲಿದ್ದಾನೆ, ಈ ಪಾರ್ಸೆಲ್ ಅವನಿಗೆ ಕೊಡಿ’ ಎನ್ನುವವರು ಎಷ್ಟೇ ಹತ್ತಿರದವರಾದರೂ ಬಿಚ್ಚಿ ನೋಡದೆ ತೆಗೆದುಕೊಳ್ಳುವಂತಿಲ್ಲ.

ತಲುಪಿದ ಮೇಲೆ ಪಾಸ್‌ಪೋರ್ಟನ್ನು ಕಂಪನಿ ಇಟ್ಟುಕೊಳ್ಳುವುದು ಸೌದಿ, ಯುಎಇ, ಕತಾರ್‌ಗಳಲ್ಲಿ ಕಾನೂನಿಗೆ ವಿರುದ್ಧ. ಆದರೂ ‘ಸೇಫ್ ಆಗಿರಲಿ’ ಎಂದು ತೆಗೆದುಕೊಳ್ಳುವವರು ಇದ್ದೇ ಇದ್ದಾರೆ. ಪಾಸ್‌ಪೋರ್ಟ್, ವೀಸಾ, ಕರಾರು, ಪಾಲಿಸಿ, ಏಜೆಂಟನ ರಸೀದಿ ಇವುಗಳ ಒಂದೊಂದು ಪ್ರತಿ ಮನೆಯಲ್ಲಿ, ಇನ್ನೊಂದು ಫೋನಿನಲ್ಲಿ ಇರಲಿ. ಸಂಬಳ ನಿಂತರೆ, ಹೊಡೆದರೆ, ಮರಳಿ ಬಿಡದಿದ್ದರೆ ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ದೂರಿಗೆ ಸಂಖ್ಯೆ ಸಿಗುತ್ತದೆ, ಅದು ಯಾರ ಮೇಜಿನ ಮೇಲಿದೆ ಎಂಬುದೂ ಕಾಣುತ್ತದೆ. ಭಾರತದೊಳಗಿನಿಂದ ಉಚಿತವಾಗಿ ಕರೆ ಮಾಡಲು ಸರ್ಕಾರದ ಸಹಾಯವಾಣಿ 1800 11 3090. ದುಬೈ, ರಿಯಾದ್, ಜೆದ್ದಾ, ಕೌಲಾಲಂಪುರಗಳಲ್ಲಿ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಗಳಿವೆ. ಟಿಕೆಟಿಗೆ ಕಾಸಿಲ್ಲದವರಿಗೆ, ವಕೀಲರ ನೆರವು ಬೇಕಾದವರಿಗೆ, ಸತ್ತವರ ದೇಹ ಊರಿಗೆ ಕಳಿಸಲು ಗತಿ ಇಲ್ಲದವರಿಗೆ 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಲ್ಲ ದೂತಾವಾಸಗಳಲ್ಲೂ ಇದೆ. ಇದು ತಾನಾಗಿ ಬರುವುದಿಲ್ಲ, ಅರ್ಜಿ ಕೊಡಬೇಕು. ಅರ್ಜಿ ಕೊಡುವಾಗ ದೂತಾವಾಸದ ಗುಮಾಸ್ತ ಮೊದಲು ಕೇಳುವುದು ಪಾಸ್‌ಪೋರ್ಟ್ ಸಂಖ್ಯೆ, ಆಮೇಲೆ ಕೆಲಸ ಕೊಟ್ಟವರ ಹೆಸರು.